‘ಆವರ್ತ’ ಅಂದರೆ ಬರೀ ಮತ್ತೆ ಮತ್ತೆ ಬರುವುದಾ? ಅರ್ಥ ಮತ್ತು ಬಳಕೆ

ಸೀಮೆಸುಣ್ಣ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಈಗ ಆವರ್ತ ಕೋಷ್ಟಕದ ಪಾಠ ನಡೆಯುತ್ತಿದೆ. ಸಂಗೀತ ಕಲಿಯುವ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. "ಟೀಚರ್, ಸಂಗೀತದ ಮೇಷ್ಟ್ರು ಆದಿತಾಳಕ್ಕೆ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ, ಸೇರಿ ಒಂದು ಆವರ್ತ ಅಂತಾರೆ. ಎಷ್ಟು ಸಲ ಹಾಕಿದರೂ ಎಂಟೇ. ಇಲ್ಲಿ ಮೊದಲ ಆವರ್ತದಲ್ಲಿ ಎರಡೇ ಧಾತು, ಎರಡನೆಯದರಲ್ಲಿ ಎಂಟು, ನಾಲ್ಕನೆಯದರಲ್ಲಿ ಹದಿನೆಂಟು. ಅಳತೆಯೇ ಬೇರೆ ಬೇರೆ ಆದರೆ ಅದು ಹೇಗೆ ಆವರ್ತ?"

ಇದಕ್ಕೆ ಅರೆಬರೆ ಉತ್ತರ ಕೊಡೋಕೆ ನನಗೆ ಇಷ್ಟವಿಲ್ಲ. ಗಣಿತದಲ್ಲಿ ಆವರ್ತ ದಶಮಾಂಶ ಇದೆ, ಭೌತವಿಜ್ಞಾನದಲ್ಲಿ ಆವರ್ತ ಚಲನೆ ಇದೆ, ಕಚೇರಿ ಲೆಕ್ಕದಲ್ಲಿ ಆವರ್ತಕ ವೆಚ್ಚ ಇದೆ. ಎಲ್ಲ ಕಡೆಯೂ ಅರ್ಥ ಒಂದೇನಾ? ಪದೇ ಪದೇ ಆಗೋದಕ್ಕೆಲ್ಲ ಆವರ್ತ ಅನ್ನಬಹುದಾ?

ಹಳೇಪುಟ

ಒಳ್ಳೆ ಪ್ರಶ್ನೆ ಮೇಡಂ. ಮೂಲದಿಂದ ಶುರು ಮಾಡೋಣ. ಸಂಸ್ಕೃತದ ‘ವೃತ್’ ಅನ್ನೋ ಧಾತುವಿನಿಂದ (ಇದು ವ್ಯಾಕರಣದ ಧಾತು, ಕ್ರಿಯಾಪದದ ಮೂಲ) ಬಂದ ಪದ ಇದು. ತಿರುಗು, ಸುತ್ತು ಅಂತ ಅದರ ಅರ್ಥ. ವೃತ್ತ, ವರ್ತುಲ, ಪರಿವರ್ತನೆ, ನಿವೃತ್ತಿ, ಆವೃತ್ತಿ ಎಲ್ಲ ಅದೇ ಮನೆಯವು.

ಹಳೆಯ ಬಳಕೆಯಲ್ಲಿ ಆವರ್ತ ಅಂದರೆ ಮೊದಲು ನೆನಪಾಗೋದು ನೀರಿನ ಸುಳಿ. ಎತ್ತು, ಕುದುರೆ ಕೊಳ್ಳುವಾಗ ಮೈಮೇಲಿನ ಕೂದಲ ಸುಳಿ ನೋಡುತ್ತಾರಲ್ಲ, ಅದಕ್ಕೂ ಸಂಸ್ಕೃತದಲ್ಲಿ ಆವರ್ತ ಅಂತಲೇ ಹೆಸರು. ದಕ್ಷಿಣಾವರ್ತ ಶಂಖ ಅಂದರೆ ನಮ್ಮ ಬಲಮುರಿ ಶಂಖ. ಅಲ್ಲೆಲ್ಲ ‘ಮತ್ತೆ ಮತ್ತೆ’ ಅನ್ನೋ ಅರ್ಥವೇ ಇಲ್ಲ. ತಿರುಗಿಕೊಂಡಿರುವುದು ಅಷ್ಟೇ.

ಕನ್ನಡದಲ್ಲಿ ‘ತಿರುಗಿ’ ಅನ್ನೋ ಮಾತು ನೋಡಿ. "ತಿರುಗಿ ನೋಡಿದ" ಅಂದರೆ ಮುಖ ಆ ಕಡೆ ಹೊರಳಿಸಿದ. "ತಿರುಗಿ ಬಂದ" ಅಂದರೆ ಹೋದವನು ವಾಪಸ್ ಬಂದ. "ತಿರುಗಾ ಹೇಳು" ಅಂದರೆ ಇನ್ನೊಮ್ಮೆ ಹೇಳು. ಸುತ್ತುವುದರಿಂದ ಶುರುವಾಗಿ ಇನ್ನೊಮ್ಮೆ ಅನ್ನೋ ಕಡೆಗೆ ಅರ್ಥ ಸರಿದಿದೆ. ಆವರ್ತ ನಡೆದದ್ದೂ ಇದೇ ದಾರಿ. ಹಾಗಾಗಿ ಸುಮ್ನೆ ಹತ್ತು ಸಲ ಆದದ್ದಕ್ಕೆ ಆವರ್ತ ಅನ್ನೋದು ಸರಿಯಲ್ಲ. ಹೊರಟ ಜಾಗಕ್ಕೆ ತಿರುಗಿ ಬರಬೇಕು. ಆಗ ಮಾತ್ರ ಆ ಪದ ಒಪ್ಪುತ್ತದೆ.

ಲೋಲಕ

ಇಷ್ಟು ಸಡಿಲ ಬಿಟ್ಟರೆ ಭೌತವಿಜ್ಞಾನಕ್ಕೆ ಸಾಲದು. ಆವರ್ತ ಚಲನೆ ಅಂದರೆ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಸಮಯ ಸಮನಾಗಿರಬೇಕು. ಒಂದು ಮೀಟರ್ ಉದ್ದದ ಲೋಲಕ ಆ ಕಡೆ ಹೋಗಿ ಈ ಕಡೆ ಬರೋಕೆ ಸುಮಾರು 2 ಸೆಕೆಂಡ್. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ. ಒಂದು ಸುತ್ತು ಬೇಗ, ಇನ್ನೊಂದು ತಡ ಅಂತ ಆದರೆ ಅದನ್ನು ಆವರ್ತ ಚಲನೆ ಅನ್ನೋದಿಲ್ಲ. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ನ್ಯಾಯವಾಗಿಯೇ ಇದೆ.

ತಂಬೂರಿ

ಲೋಲಕ ಅವರೇ, ಗಡಿಯಾರದ ಸಮಯವೇ ಮುಖ್ಯ ಅಂದರೆ ನಾವು ಸಂಗೀತದವರು ಒಪ್ಪೋದು ಕಷ್ಟ.

ಆದಿತಾಳ ತಗೊಳ್ಳಿ. ಮೊದಲು ತೊಡೆಗೆ ಒಂದು ಪೆಟ್ಟು. ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಎಣಿಸುತ್ತೇವೆ. ಅಲ್ಲಿಗೆ ನಾಲ್ಕು ಅಕ್ಷರದ ಲಘು ಆಯಿತು. ಆಮೇಲೆ ಎರಡು ದ್ರುತ. ಒಂದೊಂದಕ್ಕೂ ಒಂದು ಪೆಟ್ಟು ಹಾಕಿ ಒಮ್ಮೆ ಅಂಗೈ ತಿರುವಬೇಕು. ಎಂಟಾಯಿತು. ಒಂಬತ್ತನೆಯದು ಅಂತ ಯಾರೂ ಎಣಿಸೋದಿಲ್ಲ, ಅದು ಮತ್ತೆ ಒಂದು. ಆ ‘ಮತ್ತೆ ಒಂದು’ ಅನ್ನೋದೇ ಆವರ್ತ. ರೂಪಕಕ್ಕೆ ಆರು, ಮಿಶ್ರಛಾಪಿಗೆ ಏಳು, ಖಂಡಛಾಪಿಗೆ ಐದು. ಸಿಂಹನಂದನ ತಾಳದಲ್ಲಂತೂ ಒಂದು ಆವರ್ತಕ್ಕೆ 128 ಅಕ್ಷರ. ಉದ್ದ ಎಷ್ಟಾದರೂ ಇರಲಿ, ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ, ಬಂದು ಸೇರಬೇಕು.

ಇನ್ನು ಸಮಯದ ಮಾತು. ಧಾರವಾಡದ ಕಡೆ ಹಿಂದೂಸ್ತಾನಿ ಬೈಠಕ್ ಕೇಳಿದವರಿಗೆ ಗೊತ್ತಿರುತ್ತದೆ. ವಿಲಂಬಿತ ಏಕತಾಲದಲ್ಲಿ ಹನ್ನೆರಡು ಮಾತ್ರೆಗೆ ಒಂದು ಆವರ್ತನ. ಶುರುವಿನಲ್ಲಿ ಅದು ಎಷ್ಟು ನಿಧಾನ ಅಂದರೆ, ಹಾಡುವವರು ಒಂದು ಸ್ವರದ ಮೇಲೆ ನಿಂತು, ಬಿಡಿಸಿ, ಕೆಳಗಿಳಿದು, ಮೇಲೇರಿ ‘ಮುಖಡಾ’ (ಹಾಡಿನ ಮೊದಲ ತುಣುಕು) ಹಿಡಿದು ಸಮ್‌ಗೆ ಬರುವ ಹೊತ್ತಿಗೆ ಕೇಳುವವರು ಉಸಿರು ಬಿಗಿ ಹಿಡಿದು ಕೂತಿರುತ್ತಾರೆ. ಸಮ್ ಬಿದ್ದ ಕೂಡಲೇ ಇಡೀ ಸಭೆಯ ತಲೆಗಳು ಒಟ್ಟಿಗೆ ಅಲ್ಲಾಡುತ್ತವೆ. ಹಾಡು ಮುಂದೆ ಹೋದ ಹಾಗೆ ಲಯ ಏರುತ್ತದೆ. ಮೊದಲ ಆವರ್ತನಕ್ಕೆ ಹಿಡಿದ ಸಮಯ ಕೊನೆಯದಕ್ಕೆ ಹಿಡಿಯೋದಿಲ್ಲ. ಆದರೂ ಅದು ಆವರ್ತನವೇ. ಯಾಕಂದರೆ ಅಲ್ಲಿ ಲೆಕ್ಕ ಸೆಕೆಂಡಿನದಲ್ಲ, ಮಾತ್ರೆಯದು.

ನನ್ನ ಅನಿಸಿಕೆ ಇಷ್ಟು. ಆವರ್ತ ಅಂದರೆ ಮುಂದೆ ಏನು ಬರುತ್ತದೆ ಅಂತ ಮೊದಲೇ ಕೈ ಚಾಚಿ ಕಾಯೋಕೆ ಆಗಬೇಕು. ಪದೇ ಪದೇ ಬರುವುದಕ್ಕೆ ನಾವು ಹಾಗೆ ಕಾಯೋದಿಲ್ಲ.

ಲೆಕ್ಕದಪುಸ್ತಕ

ತಂಬೂರಿ ಅವರ ಕೊನೆಯ ಮಾತು ಗಣಿತಕ್ಕೂ ಸರಿಹೊಂದುತ್ತದೆ. ಮಕ್ಕಳಿಗೆ ಇದನ್ನು ಬೋರ್ಡ್ ಮೇಲೆ ಮಾಡಿ ತೋರಿಸಬಹುದು. 1ನ್ನು 7ರಿಂದ ಭಾಗಿಸಿ.

10ರಲ್ಲಿ 7 ಒಂದು ಸಲ, ಶೇಷ 3. 30ರಲ್ಲಿ ನಾಲ್ಕು ಸಲ, ಶೇಷ 2. 20ರಲ್ಲಿ ಎರಡು ಸಲ, ಶೇಷ 6. 60ರಲ್ಲಿ ಎಂಟು ಸಲ, ಶೇಷ 4. 40ರಲ್ಲಿ ಐದು ಸಲ, ಶೇಷ 5. 50ರಲ್ಲಿ ಏಳು ಸಲ, ಶೇಷ 1. ಶುರು ಮಾಡಿದ 1ಕ್ಕೇ ಬಂದೆವು. ಇನ್ನು ಮುಂದೆ ಭಾಗಿಸುವ ಅಗತ್ಯವೇ ಇಲ್ಲ, ಬಂದದ್ದೇ ಬರುತ್ತದೆ: 0.142857142857...

ಇದು ಬಂದೇ ಬರಬೇಕು, ಯಾಕೆ ಗೊತ್ತಾ? 7ರಿಂದ ಭಾಗಿಸಿದಾಗ ಶೇಷ ಸೊನ್ನೆ ಆಗದಿದ್ದರೆ 1ರಿಂದ 6ರ ಒಳಗೆ ಏನಾದರೂ ಇರಬೇಕು. ಆರೇ ದಾರಿ. ಏಳನೇ ಹೆಜ್ಜೆಯೊಳಗೆ ಹಳೆ ಶೇಷಕ್ಕೆ ಕಾಲಿಡಲೇಬೇಕು. ಯಾವ ಭಿನ್ನರಾಶಿ ತಗೊಂಡರೂ ಅದು ಒಂದೋ ಮುಗಿಯುತ್ತದೆ, ಇಲ್ಲವೇ ಹೀಗೆ ಸುತ್ತಿಗೆ ಬೀಳುತ್ತದೆ. ಪೈ ಹಾಗಲ್ಲ. ಅದರಲ್ಲಿ ಒಂದೊಂದು ಅಂಕಿ ಎಷ್ಟೋ ಸಲ ಬರುತ್ತದೆ, ಆದರೆ ಆವರ್ತ ಇಲ್ಲ. ಪದೇ ಪದೇ ಬರುವುದಕ್ಕೂ ಆವರ್ತಕ್ಕೂ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಕಾಣೋದಿಲ್ಲ.

ಇನ್ನೊಂದು ಚೆಂದ ಇದೆ. 2/7 ಅಂದರೆ 0.285714..., 3/7 ಅಂದರೆ 0.428571..., 6/7 ಅಂದರೆ 0.857142... ಅವೇ ಆರು ಅಂಕಿ, ಅದೇ ಸಾಲು. ಹೊರಡುವ ಜಾಗ ಮಾತ್ರ ಬೇರೆ.

ತಂಬೂರಿ

ಅಯ್ಯೋ, ಇದು ನಮ್ಮ ಎಡುಪು, ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ! ತಾಳದ ಸುತ್ತು ಅದೇ ಇರುತ್ತದೆ. ಕೃತಿ ಸಮದಲ್ಲೇ ಶುರುವಾಗಬೇಕು ಅಂತಿಲ್ಲ. ಸಮದ ಮುಂಚೆ, ಸಮ ಬಿಟ್ಟ ಮೇಲೆ, ಎಲ್ಲಿ ಬೇಕಾದರೂ ಎತ್ತಿಕೊಳ್ಳಬಹುದು. ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಮೃದಂಗದವರು ಎಷ್ಟೇ ಕಠಿಣ ಲೆಕ್ಕ ಹಾಕಿ ಸುತ್ತಾಡಿದರೂ, ಕೊನೆಯ ಮುಕ್ತಾಯವನ್ನು ಮೂರು ಸಲ ನುಡಿಸಿ ಸರಿಯಾಗಿ ಹಾಡಿನ ಎಡುಪಿಗೆ ತಂದು ಬಿಡಬೇಕು.

ಸೀಮೆಸುಣ್ಣ

ಇಬ್ಬರಿಗೂ ತುಂಬಾ ಧನ್ಯವಾದ. ಆದರೆ ಕೋಷ್ಟಕದ ಪ್ರಶ್ನೆ ಹಾಗೇ ಉಳಿಯಿತಲ್ಲ. ತಾಳದಲ್ಲಿ ಲಯ ಏರಿದರೂ ಮಾತ್ರೆ ಹನ್ನೆರಡೇ. ಧಾತುಗಳಲ್ಲಿ ಲೆಕ್ಕವೇ ಬದಲಾಗುತ್ತದೆ.

ಮೂಲವಸ್ತು

ಮೇಡಂ, ಆ ಹುಡುಗಿಗೆ ನ್ಯೂಲ್ಯಾಂಡ್ಸ್ ಕಥೆ ಹೇಳಿ. ಅವಳ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಅವಳು ಸಂಗೀತದವಳಾದ್ದರಿಂದ ಇನ್ನೂ ಚೆನ್ನಾಗಿ ಹಿಡಿಯುತ್ತಾಳೆ.

1865ರ ಸುಮಾರಿಗೆ ಇಂಗ್ಲೆಂಡಿನ ಜಾನ್ ನ್ಯೂಲ್ಯಾಂಡ್ಸ್ ಆಗ ಗೊತ್ತಿದ್ದ ಧಾತುಗಳನ್ನು ತೂಕದ ಸಾಲಿನಲ್ಲಿ ಇಟ್ಟು ನೋಡಿದರು. ಎಂಟನೆಯದು ಮೊದಲನೆಯದನ್ನು ಹೋಲುತ್ತಿತ್ತು. ಸರಿಗಮಪದನಿ ಆದಮೇಲೆ ಮತ್ತೆ ಸ ಬರುವ ಹಾಗೆ. ಅದಕ್ಕೆ ಅಷ್ಟಕಗಳ ನಿಯಮ ಅಂತ ಹೆಸರಿಟ್ಟರು. ಕ್ಯಾಲ್ಸಿಯಂವರೆಗೆ ಚೆನ್ನಾಗಿ ನಡೆಯಿತು, ಆಮೇಲೆ ಹೊಂದಲಿಲ್ಲ. ಎಂಟೇ ಇರಬೇಕು ಅಂತ ಹಟ ಹಿಡಿದಿದ್ದರಿಂದ ಸಂಬಂಧವಿಲ್ಲದ ಧಾತುಗಳೂ ಒಂದೇ ಕಂಬಕ್ಕೆ ಬಂದು ಕೂತವು. ಲಂಡನ್ನಿನ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಒಬ್ಬರು, "ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಜೋಡಿಸಿ ನೋಡಿದಿರಾ?" ಅಂತ ಲೇವಡಿ ಮಾಡಿದರು. ತುಂಬಾ ಅನ್ಯಾಯದ ಮಾತು ಅದು. ಮುಂದೆ 1887ರಲ್ಲಿ ರಾಯಲ್ ಸೊಸೈಟಿ ಅವರಿಗೆ ಡೇವಿ ಪದಕ ಕೊಟ್ಟಿತು ಅನ್ನೋದನ್ನೂ ಮಕ್ಕಳಿಗೆ ಹೇಳಬೇಕು.

1869ರಲ್ಲಿ ಮೆಂಡಲೀವ್ ಮಾಡಿದ್ದು ಬೇರೆ. ಸಾಲಿನ ಉದ್ದವನ್ನು ಮೊದಲೇ ಕಟ್ಟಿಹಾಕಲಿಲ್ಲ. ಗುಣ ಎಲ್ಲಿ ತಿರುಗಿ ಬಂತೋ ಅಲ್ಲಿಂದ ಹೊಸ ಸಾಲು. ನಡುವೆ ಹೊಂದುವ ಧಾತು ಸಿಗದಿದ್ದರೆ ಜಾಗ ಖಾಲಿ ಬಿಟ್ಟರು. ಅಲ್ಯೂಮಿನಿಯಂ ಕೆಳಗಿನ ಖಾಲಿ ಜಾಗಕ್ಕೆ ಏಕ-ಅಲ್ಯೂಮಿನಿಯಂ ಅಂತ ಹೆಸರು ಕೊಟ್ಟರು. ಆ ‘ಏಕ’ ನಮ್ಮ ಸಂಸ್ಕೃತದ ಏಕವೇ. ಅದರ ಪರಮಾಣು ತೂಕ ಸುಮಾರು 68, ಸಾಂದ್ರತೆ ಸುಮಾರು 5.9 ಇರುತ್ತದೆ ಅಂತಲೂ ಬರೆದರು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಗ್ಯಾಲಿಯಂ ಕಂಡುಹಿಡಿದು ಸಾಂದ್ರತೆ 4.7 ಅಂದರು. ಲೋಹ ಇನ್ನೂ ಶುದ್ಧವಾಗಬೇಕು, ಮತ್ತೆ ಅಳೆಯಿರಿ ಅಂತ ಮೆಂಡಲೀವ್ ತಿಳಿಸಿದರು. ಶುದ್ಧ ಮಾಡಿ ಅಳೆದಾಗ 5.9 ಬಂತು! ಕಣ್ಣಿಂದ ನೋಡದ ಲೋಹದ ಬಗ್ಗೆ ಅಷ್ಟು ಧೈರ್ಯ ಬಂದದ್ದು ಆವರ್ತದ ಮೇಲಿನ ನಂಬಿಕೆಯಿಂದ. ತಂಬೂರಿ ಅವರು ಹೇಳಿದ ‘ಕೈ ಚಾಚಿ ಕಾಯೋದು’ ಅಂದರೆ ಇದೇ ಅಲ್ವಾ?

ಈಗ ಉದ್ದದ ಮಾತು. ಸಾಲುಗಳ ಉದ್ದ 2, 8, 8, 18, 18, 32, 32. ಒಟ್ಟು 118. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೂರಕ್ಕೂ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್. ಮೂರೂ ನೀರಿಗೆ ಬಿದ್ದರೆ ಜಲಜನಕ ಹೊರಬಿಡುತ್ತವೆ. ಕೆಳಗೆ ಹೋದ ಹಾಗೆ ಅಬ್ಬರ ಜಾಸ್ತಿ. ಪೊಟ್ಯಾಸಿಯಂ ಅಂತೂ ನೇರಳೆ ಜ್ವಾಲೆಯಲ್ಲಿ ಹೊತ್ತಿಕೊಳ್ಳುತ್ತದೆ. ತಿರುಗಿ ಬರುವುದು ಆ ‘ಹೊರಗೊಂದೇ ಎಲೆಕ್ಟ್ರಾನ್’ ಅನ್ನೋ ಸ್ಥಿತಿ. ಒಳಗಿನ ಕವಚಗಳು ದೊಡ್ಡದಾದಂತೆ ಅಲ್ಲಿಗೆ ಮರಳೋ ದಾರಿ ಉದ್ದವಾಗುತ್ತದೆ. ದಾರಿಯ ಉದ್ದ ಬದಲಾದರೂ ಮರಳಿ ಬರುವುದು ತಪ್ಪೋದಿಲ್ಲ.

ಲೋಲಕ

ಇದನ್ನು ಒಪ್ಪುತ್ತೇನೆ. ಚಲನೆಗೆ ಸಮಯದ ಸಮತೆ ಬೇಕೇ ಬೇಕು. ಆದರೆ ಅದು ಆವರ್ತ ಚಲನೆಯ ವ್ಯಾಖ್ಯೆ, ಆವರ್ತ ಅನ್ನೋ ಪದದ್ದಲ್ಲ. ಸಮಯ ಗಟ್ಟಿ ಇರೋ ಕಡೆ ‘ನಿಯತಕಾಲಿಕ’ ಅನ್ನೋ ಪದ ಇದ್ದೇ ಇದೆ. ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಅದನ್ನೇ ಹೇಳುತ್ತೇವೆ.

ಅಡಿಕೆಗೊನೆ

ನಮ್ಮ ಮಲೆನಾಡಿನ ಕಡೆಯಿಂದ ಒಂದು ಮಾತು. ಮಳೆ ನಕ್ಷತ್ರಗಳ ಲೆಕ್ಕ ಇದೆಯಲ್ಲ, ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರ ಜೂನ್ 22ರ ಸುಮಾರಿಗೆ, ಮಘೆ ಆಗಸ್ಟ್ 17ರ ಸುಮಾರಿಗೆ ಹುಟ್ಟುತ್ತವೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹೀಗೆ ಇಪ್ಪತ್ತೇಳು ಕಳೆದರೆ ಒಂದು ವರ್ಷ. ನಕ್ಷತ್ರ ವರ್ಷ ವರ್ಷವೂ ತಪ್ಪದೆ ಬರುತ್ತದೆ, ಅದು ಆವರ್ತ. ಮಳೆ ಹಾಗಲ್ಲ. "ಆರಿದ್ರ ಮಳೆ ಆರದೆ ಹೊಯ್ಯುತ್ತೆ" ಅನ್ನುತ್ತೇವೆ, ಕೆಲವು ವರ್ಷ ಆರಿದ್ರದಲ್ಲಿ ಧೂಳು ಏಳುತ್ತದೆ. ಮಳೆಗೆ ‘ವಾಡಿಕೆ’ ಅನ್ನೋದೇ ಸರಿ. ಪತ್ರಿಕೆಯವರು "ವಾಡಿಕೆಗಿಂತ ಕಡಿಮೆ ಮಳೆ" ಅಂತ ಬರೆಯೋದು ಅದಕ್ಕೇ.

ನಮ್ಮ ಬಾಯಲ್ಲಿ ಆವರ್ತ ಬರೋದೇ ಇಲ್ಲ. ‘ಸುತ್ತು’ ಅಂತೀವಿ. ಅಡಿಕೆಗೆ ಕೊಳೆ ರೋಗ ಬರದಿರಲಿ ಅಂತ ಮಳೆ ಹಿಡಿಯೋ ಮುಂಚೆ ಬೋರ್ಡೋ ದ್ರಾವಣ ಒಂದು ಸುತ್ತು, 40–45 ದಿನ ಬಿಟ್ಟು ಇನ್ನೊಂದು ಸುತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಬಿಡುವು ಕೊಡದೆ ಎರಡನೇ ಸುತ್ತು ತಡವಾದರೆ ಗೊನೆ ಉದುರೋದು ನೋಡೋಕಾಗೋದಿಲ್ಲ.

ಒಗ್ಗರಣೆಡಬ್ಬಿ

ಮೈಸೂರು ಕಡೆಯವರು ಯಾರೂ ‘ವರ್ತನೆ’ ನೆನಪಿಸಿಲ್ಲವಲ್ಲ. ದಿನಾ ಒಬ್ಬರೇ ತಂದುಕೊಡುವ ಹಾಲಿಗೆ ವರ್ತನೆ ಹಾಲು ಅಂತೀವಿ. ಹೂವಿಗೂ ವರ್ತನೆ ಇರುತ್ತದೆ. "ನಮ್ಮ ವರ್ತನೆಯವಳು ಇವತ್ತು ಬಂದಿಲ್ಲ" ಅಂದರೆ ಅವಳ ನಡವಳಿಕೆಯ ಮಾತಲ್ಲ, ದಿನಾ ಹಾಲು ಹಾಕುವವಳು ಬಂದಿಲ್ಲ ಅಂತ. ಹಳೇಪುಟ ಅವರೇ, ಇದೂ ಅದೇ ವೃತ್ ಮನೆತನದ್ದು ತಾನೇ?

ಹಳೇಪುಟ

ಹೌದು, ಅದೇ ಮನೆತನ. ತುಂಬಾ ಚೆಂದದ ಬಳಕೆ. ಪ್ಯಾಕೆಟ್ ಹಾಲು ಬಂದಮೇಲೆ ಕಡಿಮೆಯಾಗುತ್ತಿದೆ ಅನ್ನೋದು ನನಗೆ ನಿಜಕ್ಕೂ ಬೇಸರ.

ಇನ್ನೊಂದು ಸುತ್ತು ನಮ್ಮ ಸಂವತ್ಸರಗಳದ್ದು. ಪ್ರಭವದಿಂದ ಶುರುವಾಗಿ ಅರವತ್ತು ಹೆಸರು. 2024ರ ಯುಗಾದಿಗೆ ಬಂದದ್ದು ಕ್ರೋಧಿ, ಅದಕ್ಕೆ ಮುಂಚಿನ ಕ್ರೋಧಿ 1964ರಲ್ಲಿ. ಶಾಸನ ಓದುವವರಿಗೆ ಇದರ ಕಷ್ಟ ಗೊತ್ತು. ಕಲ್ಲಿನಲ್ಲಿ ಶಕವರ್ಷದ ಭಾಗ ಸವೆದುಹೋಗಿ ಬರೀ ಸಂವತ್ಸರದ ಹೆಸರು ಉಳಿದರೆ, ಅದು ಯಾವ ಸುತ್ತಿನದು ಅಂತ ಹೇಳೋಕೆ ರಾಜನ ಹೆಸರು, ಅಕ್ಷರದ ರೀತಿ ಎಲ್ಲ ನೋಡಬೇಕು. ಸುತ್ತಿನೊಳಗೆ ಎಲ್ಲಿದ್ದೇವೆ ಅಂತ ಆವರ್ತ ಹೇಳುತ್ತದೆ. ಎಷ್ಟನೇ ಸುತ್ತು ಅಂತ ಅದರಿಂದ ಗೊತ್ತಾಗೋದಿಲ್ಲ.

ಬೆಟ್ಟದಹೂ

ಹಾಗಾದರೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ? ಹನ್ನೆರಡು ವರ್ಷಕ್ಕೊಮ್ಮೆ ಅಂತೀವಿ. ಆದರೆ 1981, 1993, 2006, 2018. ಒಂದು ಕಡೆ ಹದಿಮೂರಾಗಿದೆ.

ಹಳೇಪುಟ

ಅದು ಜನ ಸೇರಿ ಮುಹೂರ್ತ ನೋಡಿ ನಡೆಸುವ ಉತ್ಸವ. ‘ಹನ್ನೆರಡು ವರ್ಷಕ್ಕೊಮ್ಮೆ’ ಅಂದರೆ ಸಾಕು, ಆವರ್ತ ಬೇಡ.

ರಾತ್ರಿಪಾಳಿ

ನಾನು ನರ್ಸ್. ಆಸ್ಪತ್ರೆಯ ತಿಳಿವಳಿಕೆ ಪತ್ರಗಳಲ್ಲಿ ಈ ಪದಗಳ ಗೊಂದಲ ದಿನಾ ನೋಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ. ಮಲೇರಿಯಾದ ವೈವ್ಯಾಕ್ಸ್ ಜಾತಿಯಲ್ಲಿ ಚಳಿಜ್ವರ ಸುಮಾರು 48 ಗಂಟೆಗೊಮ್ಮೆ ಬರುತ್ತದೆ. ರೋಗಾಣುಗಳು ರಕ್ತಕಣಗಳನ್ನು ಒಟ್ಟಿಗೆ ಒಡೆದು ಹೊರಬರುವ ಹೊತ್ತು ಅದು. ಶುರುವಿನ ದಿನಗಳಲ್ಲಿ ಈ ಲೆಕ್ಕ ಸರಿಯಾಗಿ ಸಿಗೋದಿಲ್ಲ, ಆಮೇಲೆ ಹದಕ್ಕೆ ಬರುತ್ತದೆ. ಹಳ್ಳಿಯವರು "ದಿನ ಬಿಟ್ಟು ದಿನ ಬರೋ ಜ್ವರ" ಅಂತಾರೆ. ಇದಕ್ಕೆ ಬೇಕಾದರೆ ಆವರ್ತ ಅನ್ನಿ.

ಆದರೆ ಅದೇ ರೋಗಾಣು ಲಿವರ್‌ನಲ್ಲಿ ಅಡಗಿದ್ದು, ಜ್ವರ ವಾಸಿಯಾದ ಎಷ್ಟೋ ತಿಂಗಳ ಮೇಲೆ ಎದ್ದು ಬರಬಹುದು. ಅದು ಆವರ್ತ ಅಲ್ಲವೇ ಅಲ್ಲ. ಅದಕ್ಕೆ ‘ಮರುಕಳಿಸು’ ಅನ್ನೋ ಅಚ್ಚುಕಟ್ಟಾದ ಪದ ಇದೆ. ಎರಡನ್ನೂ ‘ಪುನರಾವರ್ತಿತ ಜ್ವರ’ ಅಂತ ಬರೆದರೆ ರೋಗಿಗೆ ಏನು ತಿಳಿಯಬೇಕು? ಜ್ವರ ಬಿಟ್ಟ ಮೇಲೂ 14 ದಿನದ ಮಾತ್ರೆ ಯಾಕೆ ಪೂರ್ತಿ ನುಂಗಬೇಕು ಅನ್ನೋದು ಈ ವ್ಯತ್ಯಾಸದಲ್ಲೇ ಇದೆ. "ಜ್ವರ ಮರುಕಳಿಸದಿರಲು" ಅಂತ ಒಂದೇ ಸಾಲು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ.

ಗೋಷ್ವಾರೆ

ಕಚೇರಿ ಲೆಕ್ಕದ ಬಗ್ಗೆ ಕೇಳಿದ್ದರಿಂದ ಚಿಕ್ಕದಾಗಿ. ಸಂಬಳ, ಬಾಡಿಗೆ, ಕರೆಂಟ್ ಬಿಲ್ ಆವರ್ತಕ ವೆಚ್ಚ. ಕಟ್ಟಡ, ಪೀಠೋಪಕರಣ ಅನಾವರ್ತಕ. ಇಲ್ಲಿ ಮೊತ್ತ ಪ್ರತಿಸಲ ಒಂದೇ ಇರಬೇಕಿಲ್ಲ, ಖರ್ಚಿನ ಬಾಬ್ತು ತಿರುಗಿ ಬಂದರೆ ಸಾಕು. ಸ್ವಸಹಾಯ ಸಂಘದವರು ‘ಸುತ್ತು ನಿಧಿ’ ಅಂತಾರೆ. ಸಾಲ ಕೊಟ್ಟ ದುಡ್ಡು ವಾಪಸ್ ಬಂದು ಇನ್ನೊಬ್ಬರಿಗೆ ಹೋಗುತ್ತದೆ. ಆವರ್ತಕ ನಿಧಿ ಅನ್ನೋದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ.

ಗವಂತಿ

ಇಲ್ಲಿ ಎಲ್ಲರೂ ಕಾಲದ ಬಗ್ಗೆಯೇ ಮಾತಾಡುತ್ತಿದ್ದೀರಿ. ಬಟ್ಟೆಯ ಮೇಲೂ ಇದು ಇದೆ. ನಮ್ಮ ಧಾರವಾಡದ ಕಸೂತಿಯಲ್ಲಿ ಗವಂತಿ ಅನ್ನೋ ಹೊಲಿಗೆ ಇದೆ. ಎಳೆ ಎಣಿಸಿಕೊಂಡು ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಮುಂದೆ ಹೋಗಬೇಕು. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದೆ ಬರುತ್ತಾ, ಬಿಟ್ಟ ಜಾಗ ತುಂಬಬೇಕು. ಸೂಜಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಗಂಟು ಹಾಕೋ ಹಾಗಿಲ್ಲ. ಬಟ್ಟೆಯ ಮೇಲೂ ಕೆಳಗೂ ಒಂದೇ ಚಿತ್ರ ಕಾಣಬೇಕು. ಒಂದು ಎಳೆ ತಪ್ಪಿ ಎಣಿಸಿದರೆ ಬರುವಾಗ ದಾರಿ ಮುಚ್ಚೋದಿಲ್ಲ, ಅಲ್ಲೇ ಗೊತ್ತಾಗುತ್ತದೆ. ಸೆರಗಿನ ಉದ್ದಕ್ಕೂ ಗೋಪುರ ಗೋಪುರ ಅಂತ ಸಾಲಾಗಿ ಬರುವುದಕ್ಕೆ ನಾನು ಆವರ್ತ ಅನ್ನೋದಿಲ್ಲ. ಒಂದು ಗೋಪುರವನ್ನು ಹೊಲಿಯುವಾಗ ಸೂಜಿ ಹೋಗಿ ಬರುವ ಸುತ್ತಿಗೆ ಅನ್ನಬಹುದೇನೋ.

ಸೀಮೆಸುಣ್ಣ

ಇಷ್ಟೆಲ್ಲ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ನಾಳೆಯ ಪಾಠ ಹೀಗೆ ಮಾಡಬೇಕು ಅಂತಿದ್ದೇನೆ. ಮೊದಲು 1/7 ಭಾಗಾಕಾರ, ಆಮೇಲೆ ಎಲ್ಲರಿಂದ ಆದಿತಾಳ, ಆಮೇಲೆ ನ್ಯೂಲ್ಯಾಂಡ್ಸ್, ಕೊನೆಗೆ ಮೆಂಡಲೀವ್. ಎರಡು ಪ್ರಶ್ನೆ ಉಳಿದಿವೆ. 1/6 ಮಾಡಿದರೆ 0.1666... ಬರುತ್ತದೆ, ಆ ಮೊದಲ 1 ತಿರುಗಿ ಬರೋದೇ ಇಲ್ಲವಲ್ಲ? ಮತ್ತೆ ತಂಬೂರಿ ಅವರೇ, ಸಂಗೀತ ಗೊತ್ತಿಲ್ಲದ ಮಕ್ಕಳಿಗೆ ಎಡುಪು ತೋರಿಸೋದು ಹೇಗೆ?

ಲೆಕ್ಕದಪುಸ್ತಕ

1/6ರಲ್ಲಿ ಮೊದಲ ಶೇಷ 4. ಆಮೇಲೆ 40ರಲ್ಲಿ ಆರು ಸಲ, ಮತ್ತೆ ಶೇಷ 4. ಸುತ್ತು ಶುರುವಾಗೋದು 4ರಿಂದ. ಮೊದಲ 1 ಸುತ್ತಿಗೆ ಸೇರುವ ಮುಂಚಿನ ಹೆಜ್ಜೆ. 6ರಲ್ಲಿ 2 ಅಪವರ್ತನ ಇರುವುದರಿಂದ ಹೀಗಾಗುತ್ತದೆ. ಛೇದವನ್ನು 2 ಆಗಲಿ 5 ಆಗಲಿ ಭಾಗಿಸದಿದ್ದರೆ, ಭಿನ್ನರಾಶಿ ಸಂಕ್ಷಿಪ್ತ ರೂಪದಲ್ಲಿದ್ದಾಗ, ಮೊದಲ ಅಂಕಿಯಿಂದಲೇ ಸುತ್ತು. ಮಕ್ಕಳು 1/3, 1/7, 1/11, 1/13 ಮಾಡಿ ನೋಡಲಿ. ಆಮೇಲೆ 1/6, 1/12 ಕೊಡಿ.

ತಂಬೂರಿ

ಅರ್ಧ ತರಗತಿ ತಾಳ ಹಾಕಲಿ, ಜೋರಾಗಿ ಒಂದರಿಂದ ಎಂಟು ಎಣಿಸುತ್ತಾ. ಇನ್ನರ್ಧ ಮಕ್ಕಳು ಅದೇ ವೇಗದಲ್ಲಿ ಎಂಟು ಅಕ್ಷರದ ಒಂದು ಸಾಲು ಹೇಳಲಿ, ಆದರೆ ಮೂರನೇ ಎಣಿಕೆಯಿಂದ ಶುರು ಮಾಡಿ. ಅವರ ಸಾಲು ಮುಗಿಯೋದು ಮುಂದಿನ ಸುತ್ತಿನ ಎರಡನೇ ಎಣಿಕೆಗೆ, ಮತ್ತೆ ಮೂರಕ್ಕೆ ಎತ್ತಿಕೊಳ್ಳುತ್ತಾರೆ. ಮೂರು ನಾಲ್ಕು ಸುತ್ತು ಬಿಡದೆ ನಡೆಸಿ. ಒಂದೂವರೆ ಅಕ್ಷರ ಬಿಟ್ಟು ಎತ್ತುವ ಎಡುಪು ಕೃತಿಗಳಲ್ಲಿ ಜಾಸ್ತಿ ಬರುತ್ತದೆ, ಆದರೆ ಹೊಸಬರಿಗೆ ಅರ್ಧದ ಲೆಕ್ಕ ಕಷ್ಟ. ಮೂರರಿಂದಲೇ ಶುರು ಮಾಡಿಸಿ. ಮೊದಲ ಸುತ್ತಿನಲ್ಲಿ ಎಲ್ಲರೂ ಒಂದಕ್ಕೇ ಎತ್ತೋಕೆ ಹೋಗುತ್ತಾರೆ, ನಿಲ್ಲಿಸಬೇಡಿ, ತಾಳ ಹಾಕುವವರು ಮಾತ್ರ ಬಿಡದೆ ಎಣಿಸುತ್ತಿರಲಿ.